ಹಳದಿ ನೂಲಿನ ಹದ್ದು: ಜಲ ಪೊಲೀಸರದೋ, ನೌಕಾಪಡೆಯ ಕರಾವಳಿ ಪೊಲೀಸರದೋ?

ಕಡಲಕರೆ:
ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧ ಕಾಲದ ಜರ್ಮನ್ ತೋಳಿನ ಹದ್ದೊಂದು, ಅಂದರೆ ಸಮವಸ್ತ್ರದ ತೋಳಿಗೆ ಹೊಲಿಯುವ ಹದ್ದಿನ ಬ್ಯಾಡ್ಜು, ಒಬ್ಬನ ಬಳಿ ಮಾರಾಟಕ್ಕಿದೆ. ಕಡುನೀಲಿ ಉಣ್ಣೆ ಬಟ್ಟೆ, ಹಳದಿ ನೂಲಿನ ಯಂತ್ರದ ಕಸೂತಿ, ಓಕ್ ಎಲೆಗಳ ಮಾಲೆಯ ನಡುವೆ ರೆಕ್ಕೆ ಬಿಚ್ಚಿದ ಹದ್ದು ಮತ್ತು ಸ್ವಸ್ತಿಕ. ಮಾರುವವನು ಇದನ್ನು ‘ಮರೀನೆ-ಕ್ಯುಸ್ಟನ್‌ಪೊಲಿತ್ಸೈ’, ಅಂದರೆ ನೌಕಾಪಡೆಯ ಕರಾವಳಿ ಪೊಲೀಸರದು ಎಂದು ಬರೆದಿದ್ದಾನೆ. ಅವನ ಬಳಿಯೇ ‘ವಾಸರ್‌ಶುಟ್ಸ್‌ಪೊಲಿತ್ಸೈ’, ಅಂದರೆ ಜಲ ಪೊಲೀಸರದು ಎಂದು ಬರೆದ ಇನ್ನೊಂದು ಹದ್ದು ಇದೆ. ಎರಡೂ ಒಂದೇ ಅಚ್ಚಿನಂತೆ ಕಾಣುತ್ತವೆ, ಮೊದಲನೆಯದರ ಬೆಲೆ ಮಾತ್ರ ನಾಲ್ಕು ಪಟ್ಟು. ಸದ್ಯಕ್ಕೆ ಮುಂಬದಿಯ ಫೋಟೊ ಒಂದೇ ಸಿಕ್ಕಿದೆ. ಏನೇನು ಕೇಳಬೇಕು, ಕೈಗೆ ಬಂದ ಮೇಲೆ ಏನೇನು ನೋಡಬೇಕು?

ದಾಖಲೆಪೆಟ್ಟಿಗೆ:
ಮೊದಲು ಬೆಲೆಯ ವಿಷಯ ಮುಗಿಸೋಣ. ಬಿಡಿ ಹದ್ದನ್ನು ನೋಡಿ ಅದು ಕರಾವಳಿ ಪೊಲೀಸರದೆಂದು ಯಾರೂ ಹೇಳಲಾರರು. ಈ ದಳಕ್ಕೆ ಜನರನ್ನು ತೆಗೆದುಕೊಂಡದ್ದೇ ಜಲ ಪೊಲೀಸರಿಂದ. ಅವರು ನೌಕಾಪಡೆಯ ಕೈಕೆಳಗೆ ಬಂದರು, ಕರಾವಳಿಗಳ ಕಾವಲಿಗೆ ಹೋದರು. ಮೈಮೇಲೆ ನೌಕಾಪಡೆಯ ಸಮವಸ್ತ್ರ, ಎಡತೋಳಿನಲ್ಲಿ ಪೊಲೀಸ್ ಹದ್ದು. ಜಲ ಪೊಲೀಸರ ಸಮವಸ್ತ್ರವೂ ಕಡುನೀಲಿ, ಅವರ ತೋಳಿನ ಹದ್ದೂ ಹಳದಿ. ಬಟ್ಟೆಯಿಂದ ಬಿಚ್ಚಿ ತೆಗೆದ ಹದ್ದು ಇಬ್ಬರಲ್ಲಿ ಯಾರ ತೋಳಿನಲ್ಲಿತ್ತು ಎಂದು ಹೇಳುವ ಗುರುತು ಆ ಚೂರಿನಲ್ಲಿ ಉಳಿದಿರುವುದಿಲ್ಲ. ಮಾರುವವನು ಕೇಳುತ್ತಿರುವ ಹೆಚ್ಚಿನ ಮೂರು ಪಾಲು ಬೆಲೆ ಬರೀ ಆ ಚೀಟಿಗೆ.

ಕರಾವಳಿ ಪೊಲೀಸರದೇ ಎನ್ನಬೇಕಾದರೆ ಈ ಮೂರರಲ್ಲಿ ಒಂದಾದರೂ ಬೇಕು. ಒಂದು, ಹದ್ದು ಇನ್ನೂ ಮೂಲ ಹೊಲಿಗೆಯಲ್ಲೇ ನೌಕಾಪಡೆಯ ಮೇಲಂಗಿಗೆ ಅಂಟಿಕೊಂಡಿರಬೇಕು, ಅಂಗಿಯ ಒಳಗೆ ನೌಕಾಪಡೆಯ ಉಡುಪು ಉಗ್ರಾಣದ ಮುದ್ರೆ ಇರಬೇಕು. ‘ಬಿಎಕೆ’ ಎಂದರೆ ಕೀಲ್ ಉಗ್ರಾಣ, ‘ಬಿಎಡಬ್ಲ್ಯೂ’ ಎಂದರೆ ವಿಲ್ಹೆಲ್ಮ್ಸ್‌ಹಾಫನ್. ಮುದ್ರೆಯ ಹತ್ತಿರ ಧರಿಸುವವನ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು: ‘ಎನ್’ ಅಕ್ಷರ ಉತ್ತರ ಸಮುದ್ರದ ವಿಭಾಗಕ್ಕೆ, ‘ಓ’ ಬಾಲ್ಟಿಕ್ ವಿಭಾಗಕ್ಕೆ. ಎರಡು, ಅದೇ ವ್ಯಕ್ತಿಯ ಸೇವಾ ಪುಸ್ತಕ, ಅಂದರೆ ಜೋಲ್ಡ್‌ಬುಖ್, ಮತ್ತು ಅದರಲ್ಲಿ ಘಟಕದ ಹೆಸರು. ಮೂರು, ಆ ಕಾಲದ ಫೋಟೊ. ಅದರಲ್ಲಿ ಹದ್ದಿನ ಜೊತೆಗೆ ದಳದ ಹೆಸರಿರುವ ಮುಂಗೈ ಪಟ್ಟಿಯೋ ಎದೆಫಲಕವೋ (ಕುತ್ತಿಗೆಯಿಂದ ಸರಪಳಿಯಲ್ಲಿ ಎದೆಯ ಮೇಲೆ ತೂಗುವ ಲೋಹದ ಫಲಕ) ಕಾಣಬೇಕು, ಮತ್ತು ಫೋಟೊ ಆ ಹದ್ದಿನ ಜೊತೆಗೇ ಒಂದೇ ಮನೆಯಿಂದ ಬಂದಿರಬೇಕು. ಎಲ್ಲಿಂದಲೋ ತಂದ ಫೋಟೊವನ್ನು ಪಕ್ಕಕ್ಕಿಟ್ಟು ‘ಸೆಟ್’ ಎಂದು ಮಾರುವುದಕ್ಕೆ ಬೆಲೆಯಿಲ್ಲ.

ಪತ್ರಗಳು ಜೊತೆಗಿದ್ದರೆ ಅಂಚೆ ಸಂಖ್ಯೆ ನೋಡಿ. ನೌಕಾ ಘಟಕಗಳ ಫೀಲ್ಡ್‌ಪೋಸ್ಟ್, ಅಂದರೆ ಸೇನಾ ಅಂಚೆ, ಸಂಖ್ಯೆಗೆ ಮುಂದೆ ‘ಎಂ’ ಅಕ್ಷರ ಇರುತ್ತದೆ, ಆಮೇಲೆ ಐದು ಅಂಕಿ. ಬರೀ ಐದು ಅಂಕಿಯಿರುವ ಪತ್ರ ತೋರಿಸಿ ನೌಕಾ ಪೊಲೀಸ್ ಎಂದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು.

ನೂಲೆಳೆ:
ದಾಖಲೆಪೆಟ್ಟಿಗೆಯವರು ಹೇಳಿದ್ದು ಸರಿ. ಅದು ಯಾರದು ಎನ್ನುವ ಮೊದಲು ಅದು ಆ ಕಾಲದ್ದೇ ಎಂದು ತಿಳಿಯಬೇಕಲ್ಲ. ಅದನ್ನು ಬಟ್ಟೆಯೇ ಹೇಳುತ್ತದೆ, ಅದೂ ಹಿಂಬದಿ. ಮುಂಬದಿಯ ಫೋಟೊ ಒಂದನ್ನೇ ನಂಬಿ ದುಡ್ಡು ಕಳಿಸಬೇಡಿ.

ಫೋಟೊ ನಾಲ್ಕು ಕೇಳಿ: ಹಿಂಬದಿ ಪೂರ್ತಿ; ಬಟ್ಟೆಯ ಕತ್ತರಿಸಿದ ಬದಿ ಕಾಣುವಂತೆ ಅಂಚಿನ ಹತ್ತಿರದ ನೋಟ; ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹದ್ದಿನ ತಲೆ ಮತ್ತು ಉಗುರಿನ ಭಾಗ; ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿದದ್ದು.

ಹಿಂಬದಿಯಲ್ಲಿ ಹುಡುಕಬೇಕಾದದ್ದು ಕಸೂತಿಯ ಅಡಿ ಹಾಕಿದ ಆಧಾರ. ಆ ಕಾಲದ ಯಂತ್ರ ಕಸೂತಿಗೆ ಅಡಿಯಲ್ಲಿ ಜಾಳಾದ ಹತ್ತಿಯ ಜಾಲರಿ ಬಟ್ಟೆಯೋ ಕಾಗದವೋ ಇರುತ್ತಿತ್ತು. ಕಾಗದವಾದರೆ ಕಂದಿ ಪುಡಿಯಾಗುತ್ತಿರುತ್ತದೆ, ಹೊಲಿಗೆಯ ನಡುವೆ ಮಾತ್ರ ಚೂರು ಚೂರು ಉಳಿದಿರುತ್ತದೆ. ಬೆಳ್ಳಗೆ ಹತ್ತಿಯ ಹಿಂಜಿನಂತೆ ಕಂಡು, ನೇಯ್ಗೆಯ ಎಳೆಗಳೇ ಇಲ್ಲದೆ, ಎಳೆದರೆ ನಾರು ನಾರಾಗಿ ಬಿಡುವ ಅಸ್ತರು ಇದ್ದರೆ ಅದು ಈಗಿನ ದರ್ಜಿ ಅಂಗಡಿಯ ಕ್ಯಾನ್ವಾಸು. ಶರ್ಟಿನ ಕಾಲರಿಗೆ ಇಸ್ತ್ರಿ ಮಾಡಿ ಅಂಟಿಸುವ ಜಾತಿ. ಅದು ಬಳಕೆಗೆ ಬಂದದ್ದೇ ಯುದ್ಧ ಮುಗಿದ ಮೇಲೆ.

ಆಮೇಲೆ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೂಲು. ಹದ್ದಿನ ಎದೆಯ ಗರಿಗಳಲ್ಲಿ ಎಳೆಗಳು ಬೇರೆ ಬೇರೆ ದಿಕ್ಕಿಗೆ ವಾಲಿರುತ್ತವೆ, ಒಂದು ಗರಿಯಿಂದ ಇನ್ನೊಂದಕ್ಕೆ ದಾಟುವಾಗ ಎಳೆ ಹಿಂದುಗಡೆ ಹಾಯ್ದಿರುತ್ತದೆ. ಈಗಿನ ಕಂಪ್ಯೂಟರ್ ಕಸೂತಿಯಲ್ಲಿ ಹೊಲಿಗೆಯ ದಟ್ಟಣೆ ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲದೆ ಎಲ್ಲೆಡೆ ಸಮ. ನೂಲು ಪಾಲಿಯೆಸ್ಟರ್ ಆದ್ದರಿಂದ ಬೆಳಕಿಗೆ ಹಿಡಿದರೆ ಗಾಜಿನಂತೆ ಮಿಂಚುತ್ತದೆ. ಆ ಕಾಲದ ಹಳದಿ ನೂಲು ಹತ್ತಿ ಅಥವಾ ರೇಯಾನ್. ರೇಯಾನಿಗೂ ಹೊಳಪಿದೆ, ಆದರೆ ಹಳೆಯ ರೇಯಾನಿನ ಎಳೆ ಅಲ್ಲಲ್ಲಿ ಮುರಿದು ಗುಂಜು ಎದ್ದಿರುತ್ತದೆ. ಪಾಲಿಯೆಸ್ಟರ್ ಹಾಗೆ ಸುಲಭಕ್ಕೆ ಮುರಿಯುವುದಿಲ್ಲ.

ಸುಡುವ ಪರೀಕ್ಷೆ ಕೊನೆಯದು. ವಸ್ತು ನಿಮ್ಮದಾದ ಮೇಲೆ, ಹಿಂಬದಿಯಲ್ಲಿ ತಾನಾಗಿ ಬಿಟ್ಟುಕೊಂಡ ಎಳೆಯಿದ್ದರೆ ಮಾತ್ರ. 3 ಮಿಲಿಮೀಟರ್ ಸಾಕು. ಚಿಮ್ಮಟದಲ್ಲಿ ಹಿಡಿದು ಉರಿಯ ಪಕ್ಕಕ್ಕೆ ತನ್ನಿ. ಹತ್ತಿ ಮತ್ತು ರೇಯಾನ್ ಕಾಗದ ಸುಟ್ಟ ವಾಸನೆ ಕೊಟ್ಟು ಹಗುರ ಬೂದಿಯಾಗುತ್ತವೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ; ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಉರಿಯ ಹತ್ತಿರ ಬರುವ ಮೊದಲೇ ಮುದುಡಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ನಾರನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ, ಬಟ್ಟೆಯ ಲೋಕಕ್ಕೆ ಬಂದದ್ದು ಯುದ್ಧದ ನಂತರ. ಗಟ್ಟಿ ಮಣಿ ಕಂಡರೆ ಇನ್ನು ಮುಂದೆ ನೋಡುವುದು ಬೇಡ.

ಅಧಿಕಾರಿಗಳ ಹದ್ದು ಬೇರೆ ಬಗೆ, ಅದು ಕೈಕಸೂತಿ. ಜರಿ ಸೀರೆ ನೋಡಿದ ಕಣ್ಣಿಗೆ ಬೇಗ ಅರ್ಥವಾಗುತ್ತದೆ. ಬುಲಿಯನ್ ಎಂದರೆ ಬುಗ್ಗೆಯಂತೆ ಸುತ್ತಿದ ಸಣ್ಣ ಲೋಹದ ಸುರುಳಿ. ತಾಮ್ರದ ತಂತಿಗೆ ಬೆಳ್ಳಿ, ಅದರ ಮೇಲೆ ಗಿಲೀಟು. ಅದನ್ನು ತುಂಡು ಮಾಡಿ, ಮಣಿ ಪೋಣಿಸಿದಂತೆ ಸೂಜಿಗೆ ಹಾಕಿ, ರಟ್ಟಿನ ಅಥವಾ ದಾರದ ದಿಂಬಿನ ಮೇಲೆ ಕೂರಿಸುತ್ತಿದ್ದರು. ಗಿಲೀಟು ಸವೆದಲ್ಲಿ ತಾಮ್ರ ಹೊರಬಂದು ಕಿಲುಬು ಹಿಡಿದಿರುತ್ತದೆ. ಸೆಲ್ಲಿಯಾನ್ ಇನ್ನೊಂದು. ಅದು ಲೋಹವೇ ಅಲ್ಲ, ಹೊಂಬಣ್ಣದ ಸೆಲ್ಯುಲೋಸ್ ಪದರವನ್ನು ಸಣ್ಣ ಪಟ್ಟಿ ಮಾಡಿ ನೂಲಿಗೆ ಸುತ್ತಿದ್ದು. ಕಿಲುಬು ಹಿಡಿಯುವುದೇ ಇಲ್ಲ, ಆದರೆ ಒಣಗಿ ಸಿಡಿದು ಒಳಗಿನ ನೂಲು ಕಾಣಿಸುತ್ತದೆ. ‘ಎಂಬತ್ತು ವರ್ಷ ಕಳೆದರೂ ಕಪ್ಪಾಗಿಲ್ಲ, ಆದ್ದರಿಂದ ನಕಲು’ ಎಂದು ಸೆಲ್ಲಿಯಾನ್ ಹದ್ದನ್ನು ತಳ್ಳಿಹಾಕುವುದು ಹೊಸಬರ ದೊಡ್ಡ ತಪ್ಪು.

ಇಂದಿನ ಕೈಕಸೂತಿ ನಕಲುಗಳ ಬಗ್ಗೆ ಒಂದು ಮಾತು. ಸಿಯಾಲ್‌ಕೋಟ್‌ನಲ್ಲಿ ಲೋಹದ ತಂತಿಯ ಬ್ಯಾಡ್ಜ್ ಕಸೂತಿ ದೊಡ್ಡ ಉದ್ಯಮ, ಜಗತ್ತಿನ ಸೇನೆಗಳಿಗೆಲ್ಲ ಅಲ್ಲಿಂದ ಹೋಗುತ್ತದೆ. ಅಲ್ಲಿನ ಕೈಚಳಕಕ್ಕೆ ಕುಂದಿಲ್ಲ. ಆದ್ದರಿಂದ ಕಸೂತಿ ಒರಟಾಗಿದೆಯೇ ಎಂದು ನೋಡಿ ಪ್ರಯೋಜನವಿಲ್ಲ. ಹದ್ದಿನ ಮುಖದ ರೂಪ, ದಿಂಬಿನ ಎತ್ತರ, ಹಿಂಬದಿಯ ಅಂಟು ಇವನ್ನೇ ನೋಡಬೇಕು. ಹಿಂದೆ ದಪ್ಪ ಕಪ್ಪು ಬಟ್ಟೆಯನ್ನು ಹೊಸ ಅಂಟಿನಿಂದ ಬಳಿದು ಮುಚ್ಚಿದ್ದರೆ ಒಳಗಿನದನ್ನು ತೋರಿಸುವ ಮನಸ್ಸಿಲ್ಲ ಎಂದೇ ಅರ್ಥ.

ಧಾರವಾಡದಾಂವ:
ನೂಲೆಳೆ ಅವರ, ಭಾಳ ಛಲೋ ಬರದೀರಿ. ಟಾರ್ಚಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ರಿ. ಪ್ಯಾಟ್ಯಾಗ ಸಿಗೋ ನೇರಳೆ ಟಾರ್ಚ್ ಹಿಡಿದ್ರ ಎಲ್ಲಾನೂ ನೀಲಿ ಹೊಳೀತದ. ಹೊಳದ್ರ ನಕಲು, ಹೊಳೀದಿದ್ರ ಅಸಲು ಅಂತ ಹೇಳಬಹುದೇನ್ರಿ?

ನೂಲೆಳೆ:
ಇಲ್ಲ ಸರ್, ಅಷ್ಟು ಸರಳವಿಲ್ಲ. ಅಗ್ಗದ ಟಾರ್ಚು 395 ನ್ಯಾನೊಮೀಟರಿನದು. ಅದರಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಬಹಳ ಬರುತ್ತದೆ, ಅದು ಬಟ್ಟೆಯ ಮೇಲೆ ಬಿದ್ದು ವಾಪಸು ಬರುವುದನ್ನೇ ಹೊಳಪು ಎಂದುಕೊಳ್ಳುತ್ತೇವೆ. 365ರ ಟಾರ್ಚು, ಮುಂದೆ ಕಪ್ಪು ಶೋಧಕ ಗಾಜು ಇರುವುದು ಬೇಕು. ಕೋಣೆ ಪೂರ್ತಿ ಕತ್ತಲಾಗಿರಲಿ. ಪಕ್ಕದಲ್ಲಿ ಎರಡು ಹೋಲಿಕೆ ಇಡಿ: ಪ್ರಿಂಟರ್‌ನ ಬಿಳಿ ಹಾಳೆ ಒಂದು, ಒಗೆಯದ ಕೋರಾ ಬಟ್ಟೆ ಒಂದು. ಹಾಳೆ ನೀಲಿಯಾಗಿ ಉರಿಯುತ್ತದೆ, ಕೋರಾ ಬಟ್ಟೆ ಮಂಕಾಗಿರುತ್ತದೆ. ನಿಮ್ಮ ಹದ್ದು ಯಾವುದರ ಕಡೆಗಿದೆ ನೋಡಿ. ನೇರಳಾತೀತ ಬೆಳಕು ತಡೆಯುವ ಕನ್ನಡಕ ಹಾಕಿಕೊಳ್ಳಿ, ಬೆಳಕಿನತ್ತ ನೇರ ನೋಡಬೇಡಿ.

ಹೊಳೆಯುವುದು ಬಿಳುಪು ಹೆಚ್ಚಿಸುವ ರಾಸಾಯನಿಕ. 1940ರ ಆಸುಪಾಸಿನಲ್ಲಿ ಜರ್ಮನಿಯಲ್ಲೇ ತಯಾರಿಕೆ ಶುರುವಾಯಿತು, ಆದರೆ ಸಾಬೂನು ಪುಡಿಗಳಲ್ಲಿ ಎಲ್ಲ ಮನೆಗೂ ಬಂದದ್ದು ಯುದ್ಧದ ನಂತರ. ಅಂದಮೇಲೆ ಅಸಲು ಹದ್ದನ್ನು ಯಾರೋ 1970ರಲ್ಲಿ ಪುಡಿ ಹಾಕಿ ಒಗೆದಿದ್ದರೆ ಅದೂ ಹೊಳೆಯುತ್ತದೆ. ಆಗ ಹೊಳಪು ತೇಪೆ ತೇಪೆಯಾಗಿ, ಮೇಲ್ಮೈಯಲ್ಲಿ, ಉಣ್ಣೆಗೂ ನೂಲಿಗೂ ಒಟ್ಟಿಗೆ ಹಿಡಿದಿರುತ್ತದೆ. ಕಸೂತಿಯ ಅಡಿನೂಲು ಮಾತ್ರ ದೀಪದಂತೆ ಉರಿದು ಉಣ್ಣೆ ಕತ್ತಲಾಗಿದ್ದರೆ ಆ ನೂಲು ಹೊಸದು. ಇನ್ನು, ಹೊಳೆಯದಿದ್ದರೆ ಅಸಲು ಎನ್ನುವಂತೆಯೂ ಇಲ್ಲ. ಬಿಳುಪು ರಾಸಾಯನಿಕವಿಲ್ಲದ ಹತ್ತಿ ನೂಲು ಇವತ್ತಿಗೂ ಸಿಗುತ್ತದೆ, ನಕಲು ಮಾಡುವವರಿಗೂ ಇದು ಗೊತ್ತು.

ಹಳತು ಮಾಡುವ ಬಗೆಗಳನ್ನೂ ಹೇಳಿಬಿಡುತ್ತೇನೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ್ದರೆ ಕಂದು ಬಣ್ಣ ಎಲ್ಲೆಡೆ ಒಂದೇ ಸಮ ಇರುತ್ತದೆ. ಒದ್ದೆ ಹತ್ತಿಕಡ್ಡಿಯನ್ನು ಹಿಂಬದಿಯ ಮೂಲೆಗೆ 10 ಸೆಕೆಂಡ್ ಒತ್ತಿದರೆ ಬಣ್ಣ ಬಿಡುತ್ತದೆ. ನಿಜವಾಗಿ ತೋಳಿನಲ್ಲಿದ್ದದ್ದಾದರೆ ಮುಂಬದಿ ಬಿಸಿಲಿಗೆ ಮಾಸಿ, ಅಂಚಿನಲ್ಲಿ ಮಡಿಚಿ ಹೊಲಿದ ಭಾಗ ಕಡುನೀಲಿಯಾಗೇ ಉಳಿದಿರುತ್ತದೆ. ಆ ಗೆರೆಯುದ್ದಕ್ಕೂ ಸೂಜಿಗಂಡಿಗಳು ಕಾಣಬೇಕು, ಕೆಲವದರಲ್ಲಿ ಹಳೆಯ ದಾರದ ತುಣುಕೂ ಇರುತ್ತದೆ. ನುಸಿ ತಿಂದ ತೂತನ್ನೂ ಗಮನಿಸಿ. ನುಸಿಗೆ ಬೇಕಾದದ್ದು ಉಣ್ಣೆ. ಸಾಮಾನ್ಯವಾಗಿ ಅದು ರೇಯಾನ್ ಕಸೂತಿಯನ್ನೂ ಹಿಂದಿನ ಹತ್ತಿ ಜಾಲರಿಯನ್ನೂ ಬಿಟ್ಟು ಉಣ್ಣೆಯನ್ನಷ್ಟೇ ಮೇಯುತ್ತದೆ. ಮೂರೂ ಪದರಕ್ಕೆ ನೇರವಾಗಿ ಒಂದೇ ತೂತು ಬಿದ್ದಿದ್ದರೆ ಅದು ಉಪಕರಣದ್ದು.

ತೂಕದಕಟ್ಟು:
ಬಟ್ಟೆಯ ಮಾತು ಮುಗಿಯಿತೆಂದರೆ ಲೋಹದ್ದು ಸ್ವಲ್ಪ. ಬೇಸಿಗೆಯ ಬಿಳಿ ಅಂಗಿಗೆ ನೌಕಾ ಅಧಿಕಾರಿಗಳು ಪಿನ್ನಿನಿಂದ ಚುಚ್ಚಿಕೊಳ್ಳುತ್ತಿದ್ದ ಗಿಲೀಟು ಹದ್ದು, ಗುಂಡಿಗಳು, ಟೋಪಿಯ ಹದ್ದು, ಎಲ್ಲಕ್ಕೂ ಈ ಪರೀಕ್ಷೆ ನಡೆಯುತ್ತದೆ. ಮೊದಮೊದಲಿನವು ಟೊಂಬಾಕ್, ಅಂದರೆ ತಾಮ್ರ ಹೆಚ್ಚಿರುವ ಹಿತ್ತಾಳೆ. ಅಲ್ಯೂಮಿನಿಯಮ್ಮಿನವೂ ಇವೆ. ಯುದ್ಧ ಬಿಗಿಯಾದಂತೆ ಸತು ಬಂತು, ಮೇಲೆ ತೆಳು ಗಿಲೀಟು.

ಯಾವ ಲೋಹವೆಂದು ತಿಳಿಯಲು 0.01 ಗ್ರಾಂ ತೂಗುವ ಅಕ್ಕಸಾಲಿ ತ್ರಾಸು ಸಾಕು. ಒಣ ತೂಕ ಬರೆದಿಟ್ಟುಕೊಳ್ಳಿ. ಒಂದು ಲೋಟ ನೀರನ್ನು ತ್ರಾಸಿನ ಮೇಲಿಟ್ಟು ಸೊನ್ನೆ ಮಾಡಿ. ಬ್ಯಾಡ್ಜನ್ನು ತೆಳು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ, ಪೂರ್ತಿ ಮುಳುಗುವಂತೆ ತೂಗುಬಿಡಿ. ಆಗ ತ್ರಾಸು ತೋರಿಸುವ ಗ್ರಾಂ ಎಷ್ಟೋ ಅಷ್ಟೇ ಅದರ ಘನ ಸೆಂಟಿಮೀಟರ್. ಒಣ ತೂಕವನ್ನು ಅದರಿಂದ ಭಾಗಿಸಿ. 14.2 ಗ್ರಾಮಿನ ಹದ್ದು ನೀರಲ್ಲಿ 2.0 ತೋರಿಸಿದರೆ 7.1, ಅಂದರೆ ಸತು. ಅದೇ ತೂಕದ ಹಿತ್ತಾಳೆಯದಾದರೆ ಸುಮಾರು 1.7 ತೋರಿಸುತ್ತದೆ, ಅಲ್ಯೂಮಿನಿಯಂ ಆದರೆ 5.3ರ ಹತ್ತಿರ. ಗುಳ್ಳೆ ಅಂಟಿಕೊಂಡರೆ ಲೆಕ್ಕ ಕೆಡುತ್ತದೆ, ಮೆಲ್ಲಗೆ ಅಲುಗಾಡಿಸಿ ಬಿಡಿಸಿ. ಟೊಳ್ಳು ಗುಂಡಿಗೆ ಈ ವಿಧಾನ ನಡೆಯುವುದಿಲ್ಲ, ಒಳಗೆ ಗಾಳಿ ಇರುತ್ತದೆ. ಗಿಲೀಟು ಉಬ್ಬಿ ಏಳುತ್ತಿರುವ ಸತುವನ್ನು ನೀರಿಗೆ ಹಾಕಲೇಬೇಡಿ. ಉಳಿದವನ್ನೂ ಕೆಲವೇ ಸೆಕೆಂಡಿನಲ್ಲಿ ತೆಗೆದು ಒರೆಸಿ ಫ್ಯಾನಿನ ಕೆಳಗೆ ಒಣಗಿಸಿ.

ಒಂದು ತೊಡಕಿದೆ. ನಕಲು ಎರಕಕ್ಕೆ ಬಳಸುವ ತವರದ ಮಿಶ್ರಲೋಹದ ಸಾಂದ್ರತೆ 7.3ರ ಆಸುಪಾಸು, ಸತುವಿಗೆ ತೀರಾ ಹತ್ತಿರ. ಅಲ್ಲಿ ಕಣ್ಣನ್ನೇ ನಂಬಬೇಕು. ಅಚ್ಚೊತ್ತಿದ್ದರಲ್ಲಿ ಗರಿಯ ಅಂಚು ಚೂಪು, ತಳ ನುಣುಪು. ಎರಕದ್ದರಲ್ಲಿ ಅಂಚು ದುಂಡಗೆ, ತಳದಲ್ಲಿ ಸೂಜಿಮೊನೆಯಷ್ಟು ಗುಂಡಿಗಳು, ಪಕ್ಕದಲ್ಲಿ ಅರ ಹಾಕಿದ ಗೀರು. ಅಸಲಿನಿಂದಲೇ ಅಚ್ಚು ತೆಗೆದ ಎರಕ ತಣಿಯುವಾಗ ಕುಗ್ಗುವುದರಿಂದ ಅಸಲಿಗಿಂತ ತುಸು ಚಿಕ್ಕದಿರುತ್ತದೆ. ವರ್ನಿಯರ್‌ನಲ್ಲಿ ಎರಡು ರೆಕ್ಕೆಯ ತುದಿ ಅಳೆದು, ಅಸಲೆಂದು ಖಚಿತವಾದದ್ದರ ಜೊತೆ ಹೋಲಿಸಿ.

ಎದೆಫಲಕದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ದಾಖಲೆಯಿಲ್ಲದೆ ಕರಾವಳಿ ಪೊಲೀಸರ ಎದೆಫಲಕ ಕೊಳ್ಳಬಾರದು. ಭೂಸೇನೆಯ ಫೆಲ್ಡ್‌ಜಾಂಡರ್ಮರಿಯ, ಅಂದರೆ ಸೇನಾ ಪೊಲೀಸರ, ಫಲಕ ಸಾಕಷ್ಟು ಸಿಗುತ್ತದೆ. ಅಂಥದ್ದರ ಮೇಲಿನ ಹೆಸರಿನ ಪಟ್ಟಿ ಬದಲಿಸಿದರೆ ಅಪರೂಪದ ವಸ್ತು ತಯಾರು. ಪಟ್ಟಿ ಹಿಡಿದಿರುವ ಮಡಿಕೆಗಳ ಸುತ್ತ ಬಣ್ಣ ಒಡೆದಿದೆಯೇ, ಹಿಂಬದಿಯಲ್ಲಿ ಹೊಸ ಬೆಸುಗೆಯ ಗುರುತಿದೆಯೇ, ಪಟ್ಟಿಯ ಸವೆತವೂ ಫಲಕದ ಸವೆತವೂ ಒಂದಕ್ಕೊಂದು ಹೊಂದುತ್ತವೆಯೇ ನೋಡಿ.

ದಾಖಲೆಪೆಟ್ಟಿಗೆ:
ಫಲಕದ ಮಾತು ಬಂದದ್ದಕ್ಕೆ ಎಚ್ಚರಿಕೆ ಒಂದು. ಕತ್ತಲಲ್ಲಿ ಕಾಣಲೆಂದು ಅಕ್ಷರಗಳಿಗೆ, ಹದ್ದಿಗೆ ಹೊಳೆಯುವ ಬಣ್ಣ ಬಳಿದ ಫಲಕಗಳಿವೆ. ಆ ಕಾಲದ ಸೇನಾ ಸಾಮಾನಿನ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುವ ಸಾಧ್ಯತೆಯನ್ನು ಯಾವಾಗಲೂ ಲೆಕ್ಕಕ್ಕೆ ಹಿಡಿಯಬೇಕು. ಈಗ ಹೊಳೆಯುತ್ತಿಲ್ಲ ಎಂಬುದು ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಲ್ಲ. ಹೊಳೆಯುವ ಸತುವಿನ ಸಲ್ಫೈಡ್ ಕೆಲವು ವರ್ಷದಲ್ಲಿ ಸಾಯುತ್ತದೆ, ರೇಡಿಯಮ್ಮಿನ ಅರ್ಧಾಯುಷ್ಯ ಸುಮಾರು 1,600 ವರ್ಷ. ಕೆರೆಯಬೇಡಿ, ಉಜ್ಜಬೇಡಿ, ಪುಡಿಯನ್ನು ಊದಬೇಡಿ. ಮುಟ್ಟಿದರೆ ಕೈ ತೊಳೆಯಿರಿ. ಮಕ್ಕಳ ಕೈಗೆ ಸಿಗದ ಕಡೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ಗೈಗರ್ ಮಾಪಕದಿಂದ ಒಮ್ಮೆ ನೋಡಿಸಿದರೆ ಅನುಮಾನ ತೀರುತ್ತದೆ.

ಹ್ಯಾಂಬರ್ಗ್‌ಕನ್ನಡ:
ಇಲ್ಲಿನ ಹಳೆ ಸಾಮಾನಿನ ಸಂತೆಗಳಲ್ಲಿ ತಪ್ಪು ಹೆಸರಿನಲ್ಲಿ ಬರುವ ಕೆಲವನ್ನು ಪಟ್ಟಿಗೆ ಸೇರಿಸುತ್ತೇನೆ.

ಪಶ್ಚಿಮ ಜರ್ಮನಿಯ ನೌಕಾಪಡೆ 1956ರಲ್ಲಿ ಶುರುವಾದಾಗ ವೃತ್ತಿ ಲಾಂಛನಗಳನ್ನು, ಅಂದರೆ ಲಂಗರು, ಚಕ್ರ ಮೊದಲಾದವನ್ನು, ಹಳೆಯ ಮಾದರಿಗೆ ಬಹಳ ಹತ್ತಿರವಾಗಿಯೇ ಇಟ್ಟುಕೊಂಡಿತು. ಅದೇ ಕಡುನೀಲಿ, ಅದೇ ಹಳದಿ. ಸ್ವಸ್ತಿಕವಿಲ್ಲದ ಲಂಗರು ಬ್ಯಾಡ್ಜನ್ನು ‘ಯುದ್ಧಕಾಲದ್ದು’ ಎಂದು ಮಾರಿದರೆ ಮೊದಲು ಈ ಅನುಮಾನ ಬರಲಿ. ಯುದ್ಧಾನಂತರದ ಜಲ ಪೊಲೀಸರೂ ನೀಲಿ ಸಮವಸ್ತ್ರದವರೇ.

ಸ್ವಸ್ತಿಕ ಕತ್ತರಿಸಿದ ಅಥವಾ ದಾರ ಬಿಚ್ಚಿದ ಹದ್ದನ್ನು ‘ಹಾಳಾದದ್ದು’ ಎಂದು ಎಸೆಯಬೇಡಿ. 1945ರ ಜೂನ್‌ನಿಂದ 1948ರ ಜನವರಿವರೆಗೆ ಬ್ರಿಟಿಷ್ ನೌಕಾಪಡೆಯ ಮೇಲ್ವಿಚಾರಣೆಯಲ್ಲಿ ಜರ್ಮನ್ ನಾವಿಕರೇ ಕಡಲಿನ ಮೈನುಗಳನ್ನು ತೆಗೆಯುತ್ತಿದ್ದರು, ಹಳೆಯ ಸಮವಸ್ತ್ರದಿಂದ ನಾತ್ಸಿ ಗುರುತು ತೆಗೆದು ಧರಿಸುತ್ತಿದ್ದರು. ಹಾಗೆ ಕತ್ತರಿಸಿದ್ದಕ್ಕೂ ಅದರದೇ ಇತಿಹಾಸವಿದೆ.

ಬೆಳ್ಳಿ ಬಣ್ಣದ ನೌಕಾ ಹದ್ದು ಕಂಡರೆ ‘ನೌಕಾಪಡೆಯದು ಯಾವಾಗಲೂ ಚಿನ್ನದ ಬಣ್ಣ, ಇದು ನಕಲು’ ಎನ್ನುವವರಿದ್ದಾರೆ. ನೌಕಾಪಡೆಯ ಆಡಳಿತಾಧಿಕಾರಿಗಳದು ಬೆಳ್ಳಿ ಬಣ್ಣವೇ. ಇನ್ನು ನೌಕಾ ಹದ್ದಿನ ಹಿಂದೆ ‘ಆರ್‌ಜೆಡ್‌ಎಂ’ ಚೀಟಿ ಅಂಟಿಸಿದ್ದರೆ ಹಿಂದೆ ಸರಿಯಿರಿ. ಅದು ನಾತ್ಸಿ ಪಕ್ಷದ ಸಂಘಟನೆಗಳ ಸಾಮಾನಿಗೆ ಸಂಬಂಧಿಸಿದ ಕಚೇರಿ, ನೌಕಾಪಡೆಯ ಲಾಂಛನಕ್ಕೂ ಅದಕ್ಕೂ ಸಂಬಂಧವಿಲ್ಲ.

ಹದ್ದಿನ ಆಕಾರವನ್ನೇ ಅದಲುಬದಲು ಮಾಡುವವರೂ ಇದ್ದಾರೆ. ನೌಕಾಪಡೆಯ ಹದ್ದು ಬಲ ಎದೆಯ ಮೇಲೆ. ರೆಕ್ಕೆ ನೇರ ಚಾಚಿ, ಸ್ವಸ್ತಿಕವಿರುವ ದುಂಡು ಮಾಲೆಯನ್ನು ಕಾಲಲ್ಲಿ ಹಿಡಿದಿರುತ್ತದೆ. ಪೊಲೀಸ್ ಹದ್ದಿಗೆ ಓಕ್ ಎಲೆಯ ದೊಡ್ಡ ಮಾಲೆಯೇ ಸುತ್ತುಕಟ್ಟು, ಜಾಗ ಎಡತೋಳು. ಮೊದಲನೆಯದನ್ನು ತೋರಿಸಿ ನೌಕಾ ಪೊಲೀಸ್ ಎಂದರೆ ಮಾರುವವನಿಗೆ ವಿಷಯವೇ ಗೊತ್ತಿಲ್ಲ.

ಧಾರವಾಡದಾಂವ:
ಇನ್ನೊಂದು ಕೇಳೋದೈತ್ರಿ. ಯುದ್ಧದಾಗ ಗೋವಾದ ಮುರಗಾಂವ ಬಂದರದಾಗ ಜರ್ಮನ್ ಹಡಗು ನಿಂತಿದ್ವಲ್ರಿ, ಕಾರವಾರದ ಮಗ್ಗಲಕ್ಕ. ಅಲ್ಲಿಂದ ಬಂದ ಬ್ಯಾಡ್ಜು ಅಂತ ಯಾರರ ಹೇಳಿದ್ರ ನಂಬಬಹುದೇನ್ರಿ?

ದಾಖಲೆಪೆಟ್ಟಿಗೆ:
ಹಡಗುಗಳು ನಿಂತಿದ್ದು ನಿಜ. ಏರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್, ಜೊತೆಗೆ ಇಟಲಿಯ ಆನ್‌ಫೋರಾ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಬ್ರಿಟಿಷ್ ಸ್ವಯಂಸೇವಕ ದಳದವರು ಏರೆನ್‌ಫೆಲ್ಸ್ ಮೇಲೆ ದಾಳಿ ಮಾಡಿದರು, ಹಡಗುಗಳು ಸುಟ್ಟು ಮುಳುಗಿದವು. ಆದರೆ ಅವು ಹಾನ್ಸಾ ಕಂಪನಿಯ ಸರಕು ಹಡಗುಗಳು. ನಾವಿಕರು ವ್ಯಾಪಾರಿ ನೌಕೆಯವರು, 1939ರಿಂದಲೂ ಅಲ್ಲೇ ಸಿಕ್ಕಿಕೊಂಡಿದ್ದವರು. ಪೊಲೀಸ್ ಹದ್ದು ಅಲ್ಲಿಗೆ ಬರುವ ದಾರಿಯೇ ಇಲ್ಲ. ಕಂಪನಿಯ ಗುಂಡಿಯೋ ಟೋಪಿ ಬ್ಯಾಡ್ಜೋ ಆದರೆ ವಿಚಾರಿಸಬಹುದು.

ಕಡಲಕರೆ:
ನೂಲೆಳೆ ಅವರೇ, ಇಡುವ ಬಗ್ಗೆಯೂ ಹೇಳಿ ಮಾರಾಯ್ರೆ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಬರುತ್ತದೆ.

ನೂಲೆಳೆ:
ಬಂದ ದಿನವೇ ಬೇರೆ ಬಟ್ಟೆಗಳ ಜೊತೆ ಇಡಬೇಡಿ, ಉಣ್ಣೆಯೊಳಗೆ ನುಸಿಯ ಮೊಟ್ಟೆ ಇರಬಹುದು. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ತೆಗೆದು ಮುಚ್ಚಿ, ಮನೆಯ ಫ್ರಿಜ್ಜಿನ ಮೈನಸ್ 18 ಡಿಗ್ರಿಯ ಖಾನೆಯಲ್ಲಿ ಎರಡು ವಾರ ಬಿಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ 24 ಗಂಟೆ ಕಾಯಬೇಕು, ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಇದು ಉಣ್ಣೆ ಮತ್ತು ಹತ್ತಿಗೆ ಮಾತ್ರ. ಸೆಲ್ಲಿಯಾನ್ ಇದ್ದರೆ ಫ್ರೀಜರ್ ಬೇಡ, ಪದರ ಸಿಡಿದೀತು. ಪ್ರತ್ಯೇಕ ಡಬ್ಬಿಯಲ್ಲಿಟ್ಟು ತಿಂಗಳಿಗೊಮ್ಮೆ ನೋಡುತ್ತಿರಿ.

ಆಮೇಲೆ 5 ಲೀಟರಿನ ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಚಿಕ್ಕ ತೇವಮಾಪಕ. ಒಳಗಿನ ತೇವಾಂಶ ಶೇಕಡ 45ರಿಂದ 55ರ ನಡುವೆ ನಿಲ್ಲಲಿ. 65 ದಾಟಿದರೆ ಬೂಸ್ಟು. 40ಕ್ಕಿಂತ ಇಳಿದರೆ ಸೆಲ್ಲಿಯಾನ್ ಬಿರುಕು ಬಿಡುತ್ತದೆ, ಆಗ ಜೆಲ್ ಅರ್ಧ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಮಾಪಕ ನೋಡಿ, ಜೆಲ್ಲಿನ ಬಣ್ಣ ಬದಲಾದರೆ ಓವನ್‌ನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ವಾಪಸು ಹಾಕಿ.

ಪಿವಿಸಿ ಆಲ್ಬಮ್ ಬೇಡವೇ ಬೇಡ. ಅದರಿಂದ ಹೊರಡುವ ಆಮ್ಲ ತಾಮ್ರಕ್ಕೆ ಕಿಲುಬು ತರುತ್ತದೆ. ನುಸಿಗುಳಿಗೆಯನ್ನು ವಸ್ತುವಿಗೆ ತಾಗಿಸಬೇಡಿ. ಮರದ ಪೆಟ್ಟಿಗೆ ನೋಡಲು ಚೆಂದ, ಆದರೆ ಮರದಿಂದ ಬರುವ ಅಸಿಟಿಕ್ ಆಮ್ಲ ಮುಚ್ಚಿದ ಜಾಗದಲ್ಲಿ ಸತುವನ್ನು ಬೆಳ್ಳಗೆ ಪುಡಿ ಮಾಡುತ್ತದೆ.

ತೂಕದಕಟ್ಟು:
ಹುಣಸೆಹಣ್ಣಿನ ಮಾತನ್ನೂ ಸೇರಿಸಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ಎಂದರೆ ಕೈ ತಾನಾಗಿ ಹುಣಸೆಹಣ್ಣಿಗೆ ಹೋಗುತ್ತದೆ. ದೀಪದ ಕಂಬಕ್ಕೆ ಅದು ಸರಿ. ಗಿಲೀಟು ಬ್ಯಾಡ್ಜಿಗೆ ಹಚ್ಚಿದರೆ ಒಂದೇ ಉಜ್ಜಿಗೆ ಗಿಲೀಟು ಹೋಗುತ್ತದೆ, ಕೆಳಗಿನ ಸತುವನ್ನು ಹುಳಿ ಕರಗಿಸಿಬಿಡುತ್ತದೆ. ಮೆತ್ತನೆ ಕುಂಚದಿಂದ ದೂಳು ತೆಗೆಯಿರಿ, ಅಲ್ಲಿಗೆ ನಿಲ್ಲಿಸಿ.

ಹ್ಯಾಂಬರ್ಗ್‌ಕನ್ನಡ:
ಕಾನೂನು ಚುಟುಕಾಗಿ. ಜರ್ಮನಿಯ ದಂಡಸಂಹಿತೆಯ 86ಎ ಕಲಂ ನಾತ್ಸಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನ ಮತ್ತು ಪ್ರಸಾರವನ್ನು ನಿಷೇಧಿಸುತ್ತದೆ. ಸಂಶೋಧನೆ, ಬೋಧನೆ, ಕಲೆ, ಇತಿಹಾಸದ ವರದಿಗೆ ವಿನಾಯಿತಿಯಿದೆ. ಅದಕ್ಕೇ ಮಾರಾಟದ ಫೋಟೊಗಳಲ್ಲಿ ಸ್ವಸ್ತಿಕ ಮುಚ್ಚಿರುತ್ತಾರೆ. ಮುಚ್ಚುವ ಸ್ಟಿಕರನ್ನು ಬಟ್ಟೆಗೇ ಅಂಟಿಸುವವರಿದ್ದಾರೆ, ತೆಗೆಯುವಾಗ ಉಣ್ಣೆಯ ಜುಂಗು ಕಿತ್ತು ಬರುತ್ತದೆ. ಮುಚ್ಚುವುದಾದರೆ ಫೋಟೊದಲ್ಲಿ ಮುಚ್ಚಿ, ವಸ್ತುವಿನ ಮೇಲಲ್ಲ ಎಂದು ಮೊದಲೇ ಬರೆದು ತಿಳಿಸಿ. ಫ್ರಾನ್ಸಿನಲ್ಲಿ ಸಾರ್ವಜನಿಕವಾಗಿ ಧರಿಸುವುದು, ತೋರಿಸುವುದು ಅಪರಾಧ. ಆಸ್ಟ್ರಿಯಾದಲ್ಲಿ ಇನ್ನೂ ಬಿಗಿ. ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಇಂಥ ವಸ್ತು ಪ್ರಾಚ್ಯವಸ್ತುವಾಗಲು 100 ವರ್ಷ ತುಂಬಬೇಕು, 1940ರದಕ್ಕೆ ಇನ್ನೂ ತುಂಬಿಲ್ಲ. ಪಾರ್ಸಲಿನ ಮೇಲೆ ಇರುವುದನ್ನು ಇರುವಂತೆ ಬರೆಸಿ.

ದಾಖಲೆಪೆಟ್ಟಿಗೆ:
ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಈ ಪೊಲೀಸರು ಯಾರು ಎಂಬುದನ್ನೂ ಬರೆಯಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. 1936ರ ಜೂನ್ 17ರಂದು ನಾತ್ಸಿ ಎಸ್‌ಎಸ್ ದಳದ ನಾಯಕ ಹಿಮ್ಲರ್ ಇಡೀ ಜರ್ಮನ್ ಪೊಲೀಸಿನ ಮುಖ್ಯಸ್ಥನಾದ. ಜಲ ಪೊಲೀಸರು ಎಸ್‌ಎಸ್ ಅಧಿಕಾರಿ ಡಾಲ್ಯೂಗೆಯ ಕೈಕೆಳಗಿನ ಓರ್ಡ್‌ನುಂಗ್ಸ್‌ಪೊಲಿತ್ಸೈಯ, ಅಂದರೆ ಸಮವಸ್ತ್ರದ ಪೊಲೀಸ್ ಸಂಸ್ಥೆಯ, ಒಂದು ಶಾಖೆ. ಅದೇ ಸಂಸ್ಥೆಯ ಬೆಟಾಲಿಯನ್ನುಗಳು ಪೂರ್ವ ಯುರೋಪಿನಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯಲ್ಲಿ ಪಾಲ್ಗೊಂಡವು. ಬಂದರುಗಳೂ ಇದರ ಹೊರಗಿರಲಿಲ್ಲ: 1942ರ ನವೆಂಬರ್ 26ರಂದು ಓಸ್ಲೋ ಬಂದರಿನಿಂದ ಡೊನಾವ್ ಹಡಗಿನಲ್ಲಿ 500ಕ್ಕೂ ಹೆಚ್ಚು ಯಹೂದಿಗಳನ್ನು ಸಾಗಿಸಿದರು, ಬಹುಪಾಲು ಜನ ಔಶ್ವಿಟ್ಸ್ ಹತ್ಯಾ ಶಿಬಿರದಲ್ಲಿ ಸತ್ತರು. ಹದ್ದಿನ ನೂಲು ಎಣಿಸುವವರು ಇದನ್ನು ಬಿಟ್ಟು ಬರೆದರೆ ದಾಖಲೆ ಅರ್ಧವಾಗುತ್ತದೆ. ಆ ಗುರುತು ನಮ್ಮ ಬಾಗಿಲ ರಂಗೋಲಿಯ ಸ್ವಸ್ತಿಕವಲ್ಲ, ನಾತ್ಸಿ ಪಕ್ಷದ್ದು ಎಂದೂ ಮನೆಮಂದಿಗೆ ತಿಳಿಯುವಂತೆ ಕನ್ನಡದಲ್ಲೇ ಬರೆಯಿರಿ.

ಕಡಲಕರೆ:
ಕೇಳಿದ ನಾಲ್ಕು ಫೋಟೊ ಬಂದವು. ಹಿಂಬದಿಯಲ್ಲಿ ಜಾಳು ಜಾಲರಿ ಇದೆ, ಮಧ್ಯದಲ್ಲಿ ಕಂದಿದ ಕಾಗದದ ಚೂರುಗಳು. ಅಂಚು 4 ಮಿಲಿಮೀಟರ್ ಮಡಿಚಿದೆ, ಮಡಿಕೆಯೊಳಗೆ ನೀಲಿ ಹೆಚ್ಚು ಕಡು. ಸೂಜಿಗಂಡಿ ಒಂದೇ ಸಾಲು. 365 ಬೆಳಕಿನಲ್ಲಿ ಎಲ್ಲೂ ಉರಿಯುತ್ತಿಲ್ಲ, ಬಲರೆಕ್ಕೆಯ ಬಳಿ ಮಾತ್ರ ಬೆರಳಗಲ ಮಂಕು ಹೊಳಪು. ಅಂಗಿ ಇಲ್ಲ, ಪುಸ್ತಕ ಇಲ್ಲ, ಫೋಟೊ ಇಲ್ಲ. ‘ನೌಕಾ ಅಂಗಿಯಿಂದ ತೆಗೆದದ್ದು’ ಎಂದು ಬಾಯಿಮಾತು.

ನೂಲೆಳೆ:
ಬಲರೆಕ್ಕೆಯದು ಸಾಬೂನಿನ ಕಲೆ ಇರಬಹುದು, ಒಂದು ಬೆರಳಗಲದ್ದಕ್ಕೆ ಚಿಂತೆ ಬೇಡ. ಸೂಜಿಗಂಡಿ ಒಂದೇ ಸಾಲು ಇರುವುದು ಒಳ್ಳೆಯದು, ಒಂದೇ ಅಂಗಿಗೆ ಒಂದೇ ಸಲ ಹೊಲಿದದ್ದು. ಫೋಟೊದ ಮಟ್ಟಿಗೆ ಯುದ್ಧಕಾಲದ್ದೆಂದೇ ನನಗೆ ಕಾಣುತ್ತದೆ. ಕೈಗೆ ಬಂದ ಮೇಲೆ ಹತ್ತಿಕಡ್ಡಿ ಪರೀಕ್ಷೆ ಮಾಡಿ, ಬಿಟ್ಟುಕೊಂಡ ಎಳೆ ಸಿಕ್ಕರೆ ಸುಟ್ಟು ನೋಡಿ. ಎರಡರಲ್ಲಿ ಒಂದು ತಪ್ಪಿದರೂ ವಾಪಸು ಮಾಡುವ ಷರತ್ತನ್ನು ಈಗಲೇ ಬರೆಸಿಕೊಳ್ಳಿ.

ದಾಖಲೆಪೆಟ್ಟಿಗೆ:
ಹಾಗಾದರೆ ಜಲ ಪೊಲೀಸ್ ಹದ್ದಿನ ಬೆಲೆ ಹೇಳಿ, ಅದಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ. ಕೊಂಡರೆ ನೋಂದಣಿಯಲ್ಲಿ ಹೀಗೆ ಬರೆಯಿರಿ: ‘ಜರ್ಮನ್ ಜಲ ಪೊಲೀಸ್ ಮಾದರಿಯ ತೋಳಿನ ಹದ್ದು, ಕಡುನೀಲಿ ಉಣ್ಣೆ, ಹಳದಿ ನೂಲು, ಯಂತ್ರ ಕಸೂತಿ, ಹಿಂದೆ ಹತ್ತಿ ಜಾಲರಿ ಮತ್ತು ಕಾಗದ, ಒಮ್ಮೆ ಹೊಲಿದು ಬಿಚ್ಚಿದ್ದು, ಬಲರೆಕ್ಕೆಯ ಬಳಿ ಕಲೆ. ನೌಕಾ ಅಂಗಿಯಿಂದ ತೆಗೆದದ್ದೆಂದು ಮಾರಾಟಗಾರನ ಬಾಯಿಮಾತು, ದಾಖಲೆ ಇಲ್ಲ.’ ಆ ಕೊನೆಯ ವಾಕ್ಯವನ್ನು ಮುಂದೆ ಯಾರಿಗೆ ಕೊಟ್ಟರೂ ಹೊಡೆದುಹಾಕಬೇಡಿ.